ಚಳಿಗೆ ದೋಸೆ ಹಿಟ್ಟು ಉಬ್ಬುತ್ತಿಲ್ಲ

ಪ್ರಶ್ನೆ: ಬೆಂಗಳೂರಿನ ಪುಟ್ಟ ರೂಮು, ಚಿಕ್ಕ ಮಿಕ್ಸಿ. ಭಾನುವಾರ ಬೆಳಿಗ್ಗೆ ಅಮ್ಮ, ಇಬ್ಬರು ಗೆಳತಿಯರು ತಿಂಡಿಗೆ ಬರ್ತಾರೆ. ಡಿಸೆಂಬರ್ ಚಳಿಗೆ ಹಿಟ್ಟು ಹುದುಗಲ್ಲ, ಏನ್ಮಾಡ್ಲಿ?

ಉತ್ತರ 1: ದೋಸೆ ಅಕ್ಕಿ 2 ಲೋಟ, ಉದ್ದಿನಬೇಳೆ ಅರ್ಧ ಲೋಟ, ಮೆಂತ್ಯ ಅರ್ಧ ಚಮಚ. 5 ಗಂಟೆ ನೆನೆಸಿ. ಉದ್ದು, ಅಕ್ಕಿ ಬೇರೆಬೇರೆ ರುಬ್ಬಿ. ಮಿಕ್ಸಿ ಕಾದ್ರೆ ಹಿಟ್ಟೂ ಬಿಸಿಯಾಗಿ ಹುದುಗು ಕೆಡುತ್ತೆ, ಅದಕ್ಕೇ ತಣ್ಣೀರು ಹಾಕಿ, ಬಿಟ್ಟುಬಿಟ್ಟು ತಿರುಗಿಸಿ. ಕೈಯಲ್ಲೇ ಕಲಸಿ.

ಉತ್ತರ 2: ಪಾತ್ರೆ ಅರ್ಧ ಖಾಲಿ ಇರಲಿ, ಇಲ್ಲಾಂದ್ರೆ ಉಕ್ಕಿ ಚೆಲ್ಲುತ್ತೆ. ಉಗುರುಬೆಚ್ಚಗಿನ ನೀರಿರೋ ಕುಕ್ಕರಿನೊಳಗೆ ಅದನ್ನಿಟ್ಟು ಕಂಬಳಿ ಹೊದಿಸಿ. ಚಳಿಗೆ 12–14 ಗಂಟೆ ಬೇಕು, ಶನಿವಾರ ಸಂಜೆ 6ಕ್ಕೇ ರುಬ್ಬಿಡಿ. ಸೋಡಾ ಮಾತ್ರ ಬೇಡ, ಆ ಹದವಾದ ಹುಳಿ ಸೋಡಾದಿಂದ ಬರಲ್ಲ.

ಉತ್ತರ 3: ಕಾವಲಿಗೆ ಅಂಟಿದ್ರೆ ನೀರು ಚಿಮುಕಿಸಿ, ಎಣ್ಣೆಯಲ್ಲಿ ಅದ್ದಿದ ಅರ್ಧ ಈರುಳ್ಳಿಯಿಂದ ಸವರಿ.