ಸಹಾಯ ಬೇಕು: ಫ್ಲೂ ಯಾರಿಗೆ ಉಲ್ಬಣಿಸಬಹುದು ಎಂದು ಗುರುತಿಸುವ ಪ್ರಶ್ನೆಗಳು

ಜ್ವರ, ಕೆಮ್ಮು ಅಂತ ಬರುವವರಿಗಾಗಿ ಒಂದು ಪುಟದ ಪ್ರಶ್ನಾವಳಿ ಮಾಡುತ್ತಿದ್ದೇವೆ. 65 ದಾಟಿದವರು, 2 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಇವರನ್ನು ಗುರುತಿಸುವುದು ಸುಲಭ. ತೊಡಕಿರುವುದು ಹಳೇ ಕಾಯಿಲೆಗಳಲ್ಲಿ. "ಬೇರೆ ಕಾಯಿಲೆ ಇದೆಯಾ?" ಅಂದರೆ, ಶುಗರ್ ಹತೋಟಿಯಲ್ಲಿರುವವರು, ಇನ್ಹೇಲರ್ ಬಳಸುವವರು "ಏನೂ ಇಲ್ಲ" ಅಂದುಬಿಡುತ್ತಾರೆ. ಅದಕ್ಕೇ "ದಿನಾ ಯಾವ ಔಷಧಿ ತಗೋತೀರಿ, ತೋರಿಸಿ" ಎಂದು ಬದಲಾಯಿಸಿದ್ದೇವೆ.

ಸ್ಟೀರಾಯ್ಡ್ ಮಾತ್ರ ಇನ್ನೂ ತಪ್ಪಿಹೋಗುತ್ತಿದೆ. ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ದಿನಕ್ಕೆ 20 ಮಿಗ್ರಾಂನಂತೆ 14 ದಿನ ಅಥವಾ ಅದಕ್ಕಿಂತ ಹೆಚ್ಚು ತಗೊಂಡಿದ್ದರೆ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ, ಜ್ವರವೂ ಸರಿಯಾಗಿ ಕಾಣಿಸದಿರಬಹುದು. ಕೀಲುನೋವಿನ ಮಾತ್ರೆ ಅಂತ ನುಂಗುವ ಎಷ್ಟೋ ಜನರಿಗೆ ಅದು ಸ್ಟೀರಾಯ್ಡ್ ಎಂಬುದೇ ಗೊತ್ತಿರುವುದಿಲ್ಲ. ಇದನ್ನು ನೀವು ಹೇಗೆ ಕೇಳುತ್ತೀರಿ? ಫ್ಲೂ ವೈರಸ್ ವಿರುದ್ಧದ ಔಷಧಿ ಒಸೆಲ್ಟಾಮಿವಿರ್ ಅನ್ನು ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಫಲ, ಆದ್ದರಿಂದ ಪ್ರಶ್ನೆ ಚಿಕ್ಕದಿರಬೇಕು. ನೀವು ಬಳಸುವ ವಾಕ್ಯವನ್ನೇ ದಯವಿಟ್ಟು ಬರೆದು ಕಳಿಸಿ.