ಮಗನನ್ನು ಮೇಲಿನ ಹಂತಕ್ಕೆ ಈಗಲೇ ಕಳುಹಿಸಬೇಕೇ?

ಪ್ರಶ್ನೆ: ಜಿಮ್ನಾಸ್ಟಿಕ್ಸ್ ಕಲಿಯುತ್ತಿರುವ ನನ್ನ ಮಗನಿಗೆ 10 ವರ್ಷ. ಫ್ಲೋರ್ (ನೆಲದ ಮೇಲಿನ ಕಸರತ್ತು) ಮತ್ತು ವಾಲ್ಟ್‌ನಲ್ಲಿ (ಓಡಿಬಂದು ಕೈಯೂರಿ ಜಿಗಿಯುವುದು) ಅವನು ಜೊತೆಯವರಿಗಿಂತ ಮುಂದಿದ್ದಾನೆ. ಆದರೆ ಪೊಮೆಲ್ ಹಾರ್ಸ್ (ಹಿಡಿಕೆಗಳಿರುವ, ಕೈಯೂರಿ ಕಾಲುಗಳನ್ನು ಸುತ್ತ ತಿರುಗಿಸುವ ಉಪಕರಣ) ಮೇಲೆ ಎರಡು ಸುತ್ತು ಮುಗಿಯುವಷ್ಟರಲ್ಲಿ ಸೊಂಟ ಕುಸಿದು ಕಾಲು ಹಿಡಿಕೆಗೆ ತಾಗುತ್ತದೆ. ಗೆಳೆಯರು ಸ್ಪರ್ಧೆಯ ಮೇಲಿನ ಹಂತಕ್ಕೆ ಹೋಗುತ್ತಿರುವುದರಿಂದ ತಾನೂ ಹೋಗಬೇಕೆಂದು ಹಟ ಹಿಡಿದಿದ್ದಾನೆ. ಏನನ್ನು ನೋಡಿ ನಿರ್ಧರಿಸಬೇಕು?

ಉತ್ತರ 1: ಹುಡುಗರ ಸ್ಪರ್ಧೆಯಲ್ಲಿ 6 ಉಪಕರಣಗಳಿರುವುದರಿಂದ ಎರಡರಲ್ಲಿನ ಮುನ್ನಡೆಯನ್ನಷ್ಟೇ ನೋಡಿ ತೀರ್ಮಾನಿಸಬೇಡಿ. ಪೊಮೆಲ್ ಹಾರ್ಸ್ ನಿಧಾನವಾಗಿಯೇ ಕೈಗೂಡುತ್ತದೆ, ಅದಕ್ಕಾಗಿ ಮಗುವನ್ನು ದೂರಬಾರದು. ಮೇಲಿನ ಹಂತದ ಪ್ರದರ್ಶನವನ್ನು, ದಣಿದ ದಿನವೂ, ತರಬೇತುದಾರರ ಕೈಯಾಸರೆಯಿಲ್ಲದೆ ಮೊದಲಿನಿಂದ ಕೊನೆಯವರೆಗೆ ಮಾಡಬಲ್ಲನೇ ಎಂಬುದೇ ನನ್ನ ದೃಷ್ಟಿಯಲ್ಲಿ ಸರಿಯಾದ ಅಳತೆ. ಇಲ್ಲದಿದ್ದರೆ ಅಂಕ ಕಳೆದುಕೊಳ್ಳುತ್ತಾನೆ: ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಒಮ್ಮೆ ಬಿದ್ದರೆ ಪೂರ್ತಿ 1 ಅಂಕ ಕಳೆಯುತ್ತಾರೆ.

ಉತ್ತರ 2: ಮಣಿಕಟ್ಟನ್ನೂ ಗಮನಿಸಿ. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿರುವ ಬೆಳವಣಿಗೆಯ ಪದರ ಇನ್ನೂ ಗಟ್ಟಿಯಾಗಿರುವುದಿಲ್ಲ; ಈ ಆಟದಲ್ಲಿ ಅನೇಕ ಸಲ ದೇಹದ ಭಾರವೆಲ್ಲ ಕೈಗಳ ಮೇಲೆಯೇ ಬೀಳುತ್ತದೆ. ನನ್ನ ಮಗ ನೋವನ್ನು ಮುಚ್ಚಿಟ್ಟು ಅಭ್ಯಾಸ ಮಾಡುತ್ತಿದ್ದ. ಊಟಕ್ಕೆ ಕುಳಿತಾಗ ಲೋಟವನ್ನು ಎಡಗೈಯಲ್ಲಿ ಎತ್ತಿದ್ದರಿಂದ ನಮಗೆ ತಿಳಿಯಿತು. ನೋವಿದ್ದರೆ ಹಂತದ ಮಾತೇ ಬೇಡ, ವೈದ್ಯರಿಗೆ ತೋರಿಸಿ.

ಉತ್ತರ 3: ತರಬೇತುದಾರರು ಒಪ್ಪಿದರೆ ಅಭ್ಯಾಸವನ್ನು ಮೇಲಿನ ಗುಂಪಿನೊಂದಿಗೆ ಮಾಡಿಸಿ, ಸ್ಪರ್ಧೆಗೆ ಮಾತ್ರ ಈ ವರ್ಷ ಈಗಿನ ಹಂತದಲ್ಲೇ ಇಳಿಸಿ. ಗೆಳೆಯರೂ ದೂರವಾಗುವುದಿಲ್ಲ.