ಅಪ್‌ಡೇಟ್: ಮೊಣಕಾಲು ನೋವಿದ್ದವರಿಗೆ ಮಟೇರಾದ ಗುಹೆಮನೆಗಳ ನಡಿಗೆ

ಬಂಡೆ ಕೊರೆದ ಗುಹೆಮನೆಗಳಿರುವ ಇಟಲಿಯ ಮಟೇರಾ ಊರಿನಲ್ಲಿ ಗೈಡ್ ಜೊತೆ ನಡೆಯುವುದು ಮೊಣಕಾಲು ನೋವಿರುವ ಹಿರಿಯರಿಗೆ ಆದೀತೇ ಎಂದು ಕೇಳಿದ್ದೆ. ಆಗುತ್ತದೆ, ಆದರೆ ಯಾವ ದಾರಿ ಎನ್ನುವುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಮೆಟ್ಟಿಲುಗಳು ಮೆದು ಸುಣ್ಣಕಲ್ಲಿನವು, ಸವೆದು ನುಣುಪಾಗಿವೆ. ಹನಿ ಮಳೆ ಬಿದ್ದರೂ ಜಾರುತ್ತವೆ. ಹಿಡಿತವಿರುವ ರಬ್ಬರ್ ಅಡಿಯ ಶೂ ಬೇಕೇ ಬೇಕು. ಬಾರಿಸಾನೊ, ಕವೆಯೊಸೊ ಎಂಬ ಎರಡು ಕೇರಿಗಳ ನಡುವೆ ಚಿವಿಟಾ ಗುಡ್ಡ ಹತ್ತಿಳಿಯುವ ಬದಲು ಕಣಿವೆಯಂಚಿನ ಮದೊನ್ನಾ ದೆಲ್ಲೆ ವಿರ್ತು ರಸ್ತೆಯಲ್ಲಿ ಕರೆದೊಯ್ಯಲು ಗೈಡ್‌ಗೆ ಹೇಳಿ. ಮೊಣಕಾಲಿಗೆ ಅರ್ಧ ಶ್ರಮ ಉಳಿಯುತ್ತದೆ.

ವಿಕೊ ಸೊಲಿತಾರಿಯೊ ಓಣಿಯಲ್ಲಿ ಹಳೆಯ ಬದುಕನ್ನು ತೋರಿಸಲು ಇಟ್ಟಿರುವ ಗುಹೆಮನೆಯನ್ನು ಮಾತ್ರ ಬಿಡಬೇಡಿ. ಒಂದೇ ಕೋಣೆಯಲ್ಲಿ ಎತ್ತರದ ಮಂಚ, ಹಾಸಿಗೆಯೊಳಗೆ ಮೆಕ್ಕೆಜೋಳದ ಸಿಪ್ಪೆ, ಹಿಂಭಾಗದಲ್ಲಿ ಹೇಸರಗತ್ತೆಯ ಕೊಟ್ಟಿಗೆ. 1952ರ ಇಟಲಿಯ ಕಾನೂನು ಗುಹೆಮನೆಗಳಲ್ಲಿ ವಾಸವಿದ್ದ ಜನರನ್ನು ಹೊರಗೆ ಸಾಗಿಸಿದ್ದೇಕೆ ಎಂಬುದು ಅಲ್ಲಿ ನಿಂತರೆ ತಿಳಿಯುತ್ತದೆ.

ವಿಟ್ಟೋರಿಯೊ ವೆನೆಟೊ ಚೌಕದಡಿಯ ಪಲೊಂಬಾರೊ ಲುಂಗೊ ನೀರಿನ ತೊಟ್ಟಿಗೆ ಟಿಕೆಟ್ ಬೇರೆ. ಸುಮಾರು 50 ಲಕ್ಷ ಲೀಟರ್ ಹಿಡಿಯುತ್ತಿತ್ತು. ಗೋಡೆಯ ಗಾರೆ ಮುಟ್ಟುವಷ್ಟು ಹತ್ತಿರ ನೋಡಿ: ಹೆಂಚಿನ ಪುಡಿ ಬೆರೆಸಿದ ಗಾರೆ, ನೀರು ಇಂಗದಂತೆ ತಡೆದದ್ದು ಅದೇ.